ರಾಶಿಯ ಅಡಿಗೆ ಹೋದ ಕಡತ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಕಾಗದದ ಮೂರನೇ ಪುಟದ ಕೆಳಗಡೆ, ಬೇರೇನೋ ಹೇಳುತ್ತ ಹೇಳುತ್ತ ನೀನು ಒಂದು ಮಾತು ಬರೆದಿದ್ದೀಯ. ಡಿವಿಡಿ ಬಾಡಿಗೆಗೆ ಕೊಡುವ ವಯಸ್ಸಾದ ಒಬ್ಬರು ಪರವಾನಗಿ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಿದ್ದಾರೆ, ಅಂಗಡಿಯ ಅರ್ಧ ಭಾಗದಲ್ಲಿ ಬೇರೆ ವ್ಯಾಪಾರ ಶುರುಮಾಡಬೇಕಂತೆ. "ಆ ಅಂಗಡಿ ಹೇಗಿದ್ದರೂ ಇನ್ನೊಂದು ವರ್ಷ ಬಾಳುವುದಿಲ್ಲ ದೊಡ್ಡಮ್ಮ, ಅದಕ್ಕೇ ಆ ಕಡತ ರಾಶಿಯ ಅಡಿಗೆ ಹಾಕಿ ಜರೂರಿನವನ್ನು ಮೇಲಕ್ಕೆ ತಂದುಕೊಂಡೆ. ಮಾಡಿದ್ದು ಸರಿಯೋ ತಪ್ಪೋ ಅಂತ ಒಂದೊಂದು ಸಲ ಅನ್ನಿಸುತ್ತೆ."

ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ ಮಗೂ. ನೀನು ತಪ್ಪು ಮಾಡಿದೆ ಅಂತಲ್ಲ. ಅದೇ ಮಾತನ್ನು ನಾನು ಆಡಿದ್ದೇನೆ. ಒಂದಕ್ಷರವೂ ಬೇರೆಯಿಲ್ಲ. "ಹೇಗಿದ್ದರೂ ಮುಚ್ಚೋ ಅಂಗಡಿ." ಪಕ್ಕದ ಮೇಜಿನವರಿಗೆ ಹೇಳಿ, ಕಡತದ ದಾರ ಕಟ್ಟಿ, ಅಡಿಗೆ ಹಾಕಿದ್ದೆ. ನನಗೆ ಒಂದೊಂದು ಸಲವೂ ಏನೂ ಅನ್ನಿಸಿರಲಿಲ್ಲ. ನಿನಗೆ ಅನ್ನಿಸುತ್ತಿದೆಯಲ್ಲ, ಆ ಅನ್ನಿಸುವುದು ಎಲ್ಲಿ ನಿಂತುಹೋಗುತ್ತದೋ ಅನ್ನುವ ಭಯದಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಪರವಾನಗಿ ವಿಭಾಗದಲ್ಲಿದ್ದ ಕಾಲ ಅದು. ಡಿವಿಡಿ ಆಗಷ್ಟೇ ಬಂದಿತ್ತು, ಕ್ಯಾಸೆಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಒಬ್ಬರು ವಿಡಿಯೊ ಲೈಬ್ರರಿ ಇಟ್ಟುಕೊಂಡಿದ್ದರು. ದೊಡ್ಡ ಮಳಿಗೆ ಬಿಟ್ಟು ಹಿಂದಿನ ಬೀದಿಯ ಚಿಕ್ಕ ಕೋಣೆಗೆ ಹೋಗಬೇಕು, ವಿಳಾಸ ಬದಲಾಯಿಸಿಕೊಡಿ ಅಂತ ಅವರ ಅರ್ಜಿ. ಕೇಳಿದ್ದು ಅಷ್ಟೇ. ಆದರೆ ಹೊಸ ವಿಳಾಸ ಅಂದರೆ ನಮ್ಮಲ್ಲಿ ಹೊಸ ಪರವಾನಗಿಯೇ. ಕಟ್ಟಡದ ಮಾಲೀಕರ ಒಪ್ಪಿಗೆ, ತೆರಿಗೆ ಕಟ್ಟಿದ ರಸೀದಿ, ಅಗ್ನಿಶಾಮಕದವರ ನಿರಾಕ್ಷೇಪಣಾ ಪತ್ರ, ಹಳೆಯ ಪರವಾನಗಿಯ ಮೂಲಪ್ರತಿ, ಎಲ್ಲವೂ ಮೊದಲಿನಿಂದ ಆಗಬೇಕು.

ನಾನು ಮಾಡಿದ್ದೇನು ಗೊತ್ತಾ? ಮೊದಲ ಸಲ ತೆರಿಗೆ ರಸೀದಿ ಇಲ್ಲ ಅಂತ ಹಿಂಬರಹ ಕೊಟ್ಟು ಕಳಿಸಿದೆ. ತಂದರು. ಎರಡನೇ ಸಲ ಮಾಲೀಕರ ಒಪ್ಪಿಗೆ ಪತ್ರದಲ್ಲಿ ದಿನಾಂಕವಿಲ್ಲ ಅಂದೆ. ಮೂರನೇ ಸಲ ನಿರಾಕ್ಷೇಪಣಾ ಪತ್ರ. ಕಡತದಲ್ಲಿ ಇವೆಲ್ಲ ಇಲ್ಲ ಅನ್ನುವುದು ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು. ಒಂದೇ ಹಿಂಬರಹದಲ್ಲಿ ಮೂರನ್ನೂ ಬರೆಯಬಹುದಿತ್ತು, ಬರೆಯಲಿಲ್ಲ. ಒಂದೊಂದು ಸಲ ವಾಪಸು ಹೋದ ಕಾಗದವೂ ಮತ್ತೆ ಇನ್‌ವರ್ಡ್ ಪುಸ್ತಕದಲ್ಲಿ ನಮೂದಾಗಿ, ಟಪಾಲಿನಲ್ಲಿ ಸಾಹೇಬರ ಹತ್ತಿರ ಹೋಗಿ, ಅಲ್ಲಿಂದ ಸೂಪರಿಂಟೆಂಡೆಂಟರ ಸಹಿಯಾಗಿ ನನ್ನ ಮೇಜಿಗೆ ಬರಬೇಕಿತ್ತು. ಒಂದು ಸುತ್ತಿಗೆ ಹೆಚ್ಚೂಕಡಿಮೆ ಒಂದು ತಿಂಗಳು. ಯಾವ ಸುತ್ತಿನಲ್ಲೂ ನಾನು ನಿಯಮ ಮೀರಲಿಲ್ಲ. ಲಂಚ ಮುಟ್ಟಲಿಲ್ಲ. ಅದೇ ನನಗೆ ಎಷ್ಟೋ ವರ್ಷ ಸಮಾಧಾನ ಕೊಟ್ಟಿತ್ತು ನೋಡು, ಕೈ ಶುದ್ಧವಾಗಿದೆ ಅನ್ನುವುದು.

ಆ ಮನುಷ್ಯರ ಮುಖ ಈಗ ನೆನಪಿಗೆ ಬರುವುದಿಲ್ಲ. ನಿಲ್ಲುತ್ತಿದ್ದ ಜಾಗ ನೆನಪಿದೆ. ಕಬ್ಬಿಣದ ಬೀರುವಿಗೂ ಕಿಟಕಿಗೂ ನಡುವೆ, ಓಡಾಡುವವರಿಗೆ ಅಡ್ಡ ಬರದ ಹಾಗೆ ಒತ್ತಿಕೊಂಡು. ಒಂದು ದಿನ ಕಾಯುವ ಹೊತ್ತಿನಲ್ಲಿ ಕೈಚೀಲದಿಂದ ಒಂದು ಕ್ಯಾಸೆಟ್ಟು ತೆಗೆದರು. ಬದಿಯ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿ, ಒಳಗಿನ ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಲ್ಲಿ ಮುಟ್ಟದೆ ಸುಮ್ಮನೆ ನೋಡುತ್ತಿದ್ದರು. ಏನು ಅಂತ ಕೇಳಿದೆ. "ಯಾರೋ ಮಷೀನಿನಲ್ಲಿ ಸಿಕ್ಕಿಸಿಕೊಂಡು ಎಳೆದಿದ್ದಾರೆ ಮೇಡಂ, ಒಂದು ಕಡೆ ಮಡಿಚಿದೆ. ಅಷ್ಟನ್ನು ಕತ್ತರಿಸಿ ಅಂಟಿಸಿದರೆ ಒಂದೆರಡು ಸೆಕೆಂಡು ಹೋಗುತ್ತೆ ಅಷ್ಟೇ, ಮಿಕ್ಕ ಸಿನಿಮಾ ಉಳಿಯುತ್ತೆ" ಅಂದರು. ಜನ ರಿವೈಂಡ್ ಮಾಡದೆಯೇ ತಂದುಕೊಡುತ್ತಾರೆ, ಕ್ಯಾಸೆಟ್ಟು ಹಾಕಿ ನೋಡುವ ವಿಸಿಆರ್ ಸವೆಯದಿರಲಿ ಅಂತ ಅದಕ್ಕೇ ಬೇರೆ ಮಷೀನು ಇಟ್ಟಿದ್ದೇನೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದೊಂದನ್ನೇ ಸುತ್ತುತ್ತೇನೆ ಅಂತಲೂ ಹೇಳಿದರು. ಬಾಡಿಗೆಗೆ ಕೊಟ್ಟ ಮಾಲನ್ನು ಆ ಮನುಷ್ಯರು ಅಷ್ಟು ಜೋಪಾನ ಮಾಡುತ್ತಿದ್ದರು. ಅವರ ಕಡತ ನನ್ನ ಕೈಯಲ್ಲಿತ್ತು.

ಅದೇ ದಿನ ಇನ್ನೊಂದು ಮಾತೂ ಅಂದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. "ಅಂಗಡಿ ಹೆಚ್ಚು ದಿನ ನಡೆಯೋದಿಲ್ಲ ಅಂತ ನನಗೂ ಗೊತ್ತು ಮೇಡಂ. ಚಿಕ್ಕ ಜಾಗಕ್ಕೆ ಹೋದರೆ ಸಾಲ ತೀರಿಸಿಕೊಂಡು ಮರ್ಯಾದೆಯಾಗಿ ಮುಚ್ಚಬಹುದು."

ಪುಟ್ಟಾ, ನಿನ್ನ ಅರ್ಜಿದಾರರಿಗೂ ಗೊತ್ತಿರುತ್ತದೆ. ಅರ್ಧ ಅಂಗಡಿಯಲ್ಲಿ ಬೇರೆ ವ್ಯಾಪಾರ ಮಾಡುತ್ತೇನೆ ಅನ್ನುವವರಿಗೆ ಇನ್ನರ್ಧದ ಗತಿ ಗೊತ್ತಿಲ್ಲದೆ ಇರುತ್ತದೆಯೇ? ಅಂಗಡಿ ಮುಚ್ಚುತ್ತದೆ ಅಂತ ನೀನು ಕಡತ ಅಡಿಗೆ ಹಾಕಿದೆ. ಮುಚ್ಚುತ್ತದೆ ಅಂತಲೇ ಅವರು ಅರ್ಜಿ ಹಾಕಿದ್ದಾರೆ.

ನಮ್ಮ ಕಚೇರಿಯಲ್ಲಿ ಎಂಟು ತಿಂಗಳಾಯಿತು. ಅಷ್ಟೂ ತಿಂಗಳು ಅವರು ಎರಡು ಕಡೆ ಬಾಡಿಗೆ ಕಟ್ಟಿದರು, ಬಿಡಲಾಗದ ಹಳೆಯ ಮಳಿಗೆಗೊಂದು, ತೆರೆಯಲಾಗದ ಹೊಸ ಕೋಣೆಗೊಂದು. ಕೊನೆಗೆ ಪರವಾನಗಿ ಸಹಿಯಾಗಿ ಬಂತು. ನಾನೇ ಲಕೋಟೆಗೆ ಹಾಕಿ ಅಂಚೆಗೆ ಕಳಿಸಿದೆ. ಹದಿನೈದು ದಿನಕ್ಕೆ ಅದು ವಾಪಸು ಬಂತು, ವಿಳಾಸದಾರರು ಇಲ್ಲ ಅಂತ ಷರಾ ಬರೆಸಿಕೊಂಡು. ನಾನು ಅದನ್ನು ಕಡತಕ್ಕೆ ಸೇರಿಸಿ, ಮುಕ್ತಾಯ ಅಂತ ಟಿಪ್ಪಣಿ ಬರೆದು, ದಾಖಲೆ ಕೊಠಡಿಗೆ ಕಳಿಸಿದೆ. ಆಮೇಲೆ ಯಾರೋ ಹೇಳಿದರು, ಕ್ಯಾಸೆಟ್ಟುಗಳನ್ನೆಲ್ಲ ತೂಕಕ್ಕೆ ಹಾಕಿಬಿಟ್ಟರಂತೆ ಅಂತ. ಊಟಕ್ಕೆ ಹೊತ್ತಾಗಿತ್ತು, ನಾನು ಎದ್ದು ಹೋದೆ.

ಅದನ್ನು ಎಷ್ಟೋ ವರ್ಷ ಮರೆತಿದ್ದೆ. 2016ರ ಜುಲೈನಲ್ಲಿ ಜಪಾನಿನ ಫುನೈ ಕಂಪನಿ ವಿಸಿಆರ್ ತಯಾರಿಸುವುದನ್ನೇ ನಿಲ್ಲಿಸುತ್ತಿದೆ, ಬಿಡಿಭಾಗಗಳೇ ಸಿಗುತ್ತಿಲ್ಲ ಅಂತ ಓದಿದೆ. ಜಗತ್ತಿನಲ್ಲಿ ಅದನ್ನು ಇನ್ನೂ ಮಾಡುತ್ತಿದ್ದ ಕೊನೆಯ ಕಂಪನಿ ಅದಂತೆ. ಆ ಸುದ್ದಿ ಓದಿದ ಗಳಿಗೆಯಲ್ಲೇ ಬೀರುವಿನ ಪಕ್ಕದ ಆ ಜಾಗ ಕಣ್ಣೆದುರಿಗೆ ಬಂತು. ಅಲ್ಲಿಂದ ಈ ಅಂಗಡಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನನ್ನಿಂದ ಮುಚ್ಚಲಿಲ್ಲ, ಕಾಲದಿಂದ ಮುಚ್ಚಿತು ಅಂತ ಯಾರಾದರೂ ಹೇಳಲಿ ಅಂತಿತ್ತೋ ಏನೋ.

ಹೇಳಿದ್ದಾರೆ, ನಿಜವಾಗಿಯೂ. ಅಮೆರಿಕದಲ್ಲಿ ಬ್ಲಾಕ್‌ಬಸ್ಟರ್ ಅಂತ ವಿಡಿಯೊ ಬಾಡಿಗೆಗೆ ಕೊಡುವ ಒಂದು ಕಂಪನಿ 1985ರಲ್ಲಿ ಒಂದು ಅಂಗಡಿಯಿಂದ ಶುರುವಾಗಿ 2004ರ ಹೊತ್ತಿಗೆ ಸುಮಾರು 9,000 ಮಳಿಗೆ ಇಟ್ಟಿತ್ತು. 2010ರಲ್ಲಿ ದಿವಾಳಿ ಅರ್ಜಿ ಹಾಕಿತು. ನೆಟ್‌ಫ್ಲಿಕ್ಸ್ 1998ರಿಂದ ಡಿವಿಡಿಯನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತಿತ್ತು, 2007ರಲ್ಲಿ ಇಂಟರ್ನೆಟ್ಟಿನಲ್ಲೇ ಸಿನಿಮಾ ತೋರಿಸತೊಡಗಿತು. ಅಂಥ ದೈತ್ಯನೇ ಬಿದ್ದಮೇಲೆ ಒಂದೇ ಮಳಿಗೆಯ ಒಬ್ಬ ಮನುಷ್ಯ ಎಷ್ಟರವರು? ಹೌದು, ಅಂಗಡಿ ಉಳಿಯುತ್ತಿರಲಿಲ್ಲ. ಇಷ್ಟು ಗೊತ್ತಾದರೂ ನನಗೆ ನಿದ್ದೆ ಬರಲಿಲ್ಲವಲ್ಲ ಪುಟ್ಟಾ. ಅಂಗಡಿಯನ್ನು ಕಾಲ ಮುಚ್ಚಿತು. ಆ ಎಂಟು ತಿಂಗಳ ಎರಡೆರಡು ಬಾಡಿಗೆಯನ್ನು ಕಾಲ ಕಟ್ಟಿಸಲಿಲ್ಲ.

ಇನ್ನೊಂದು ಸಂಗತಿ ಓದಿ ನಡುಗಿಹೋದೆ. 1982ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಸರಕಾರ ಒಂದು ಆದೇಶ ಹೊರಡಿಸಿತು. ಆಮದಾಗುವ ವಿಸಿಆರ್‌ಗಳೆಲ್ಲ ಪ್ವಾತಿಯೆ ಅನ್ನುವ ಊರಿನ ಸುಂಕದ ಕಟ್ಟೆಯ ಮೂಲಕವೇ ಬರಬೇಕು ಅಂತ. ಬಂದರಿನಿಂದ ದೂರದ ಒಳನಾಡಿನ ಊರು, ಚಿಕ್ಕ ಕಚೇರಿ, ಕೈಬೆರಳೆಣಿಕೆಯ ಸಿಬ್ಬಂದಿ. ದಾಖಲೆ ನೋಡಿ, ಪೆಟ್ಟಿಗೆ ಬಿಚ್ಚಿ, ತಪಾಸಣೆ ಮಾಡಿ ಬಿಡುವಷ್ಟರಲ್ಲಿ ಜಪಾನಿನ ಮಷೀನುಗಳು ಗೋದಾಮಿನಲ್ಲಿ ರಾಶಿ ಬಿದ್ದವು. ಬೇಕೆಂದೇ ಮಾಡಿದ್ದು. ಬೇಡ ಅಂತ ನೇರವಾಗಿ ಹೇಳುವ ಬದಲು ತಡ ಮಾಡುವುದು. ಮುಂದಿನ ವರ್ಷ ಆದೇಶ ಹಿಂದೆ ಪಡೆದರು. ಆ ಸುಂಕದ ಕಟ್ಟೆಯ ಗುಮಾಸ್ತರೂ ನನ್ನ ಹಾಗೆಯೇ ಇದ್ದಿರಬೇಕು, ನಿಯಮ ಮೀರದೆ, ಒಂದೊಂದೇ ಕಾಗದ ನೋಡುತ್ತ. ಅಲ್ಲಿ ನಿಧಾನ ಮಾಡಿ ಅಂತ ಮೇಲಿನಿಂದ ಆಜ್ಞೆಯಿತ್ತು. ನನಗೆ ಯಾರೂ ಆಜ್ಞೆ ಮಾಡಿರಲಿಲ್ಲ. ನಾನೇ ನನ್ನ ಮೇಜನ್ನು ಅಂಥದ್ದೊಂದು ಕಟ್ಟೆ ಮಾಡಿಕೊಂಡಿದ್ದೆ.

ಬ್ರಿಟನ್ನಿನದು ಇದಕ್ಕಿಂತ ಸಂಕಟದ ಕಥೆ. ಅಲ್ಲಿ 1984ರಲ್ಲಿ ವಿಡಿಯೊ ಕಾಯ್ದೆ ತಂದರು. ಸೆನ್ಸಾರ್ ಪ್ರಮಾಣಪತ್ರವಿಲ್ಲದ ವಿಡಿಯೊ ಮಾರಿದರೂ ಬಾಡಿಗೆಗೆ ಕೊಟ್ಟರೂ ಅಂಗಡಿಯವರ ಮೇಲೆ ಮೊಕದ್ದಮೆ. ಇಪ್ಪತ್ತೈದು ವರ್ಷ ಶಿಕ್ಷೆ ಕೊಟ್ಟರು. 2009ರಲ್ಲಿ ನೋಡಿದರೆ, ಆ ಕಾಯ್ದೆಯ ವಿಷಯವನ್ನು, ಬ್ರಿಟನ್ ಆಗ ಸೇರಿದ್ದ ಒಕ್ಕೂಟದ ಯುರೋಪಿಯನ್ ಆಯೋಗಕ್ಕೆ ತಿಳಿಸಬೇಕಾಗಿದ್ದ ಸರಕಾರವೇ ತಿಳಿಸಿರಲಿಲ್ಲ. ಹಾಗಾಗಿ ಅದನ್ನು ಜಾರಿ ಮಾಡುವಂತೆಯೇ ಇರಲಿಲ್ಲ. ನಡೆಯುತ್ತಿದ್ದ ಮೊಕದ್ದಮೆ ಕೈಬಿಟ್ಟರು, 2010ರ ಜನವರಿಯಲ್ಲಿ ಅದೇ ಕಾಯ್ದೆಯನ್ನು ಮತ್ತೆ ಪಾಸು ಮಾಡಿದರು. ಒಂದು ಪ್ರಮಾಣಪತ್ರ ಇಲ್ಲ ಅಂತ ಅಂಗಡಿಯವರು ಕಟಕಟೆ ಹತ್ತಿದರು. ಸರಕಾರದ ಒಂದು ಕಾಗದ ಹೋಗಿರಲಿಲ್ಲ, ಅದಕ್ಕೆ ಯಾವ ಗುಮಾಸ್ತನೂ ಹಿಂಬರಹ ಕೊಡಲಿಲ್ಲ. ಬೇಕಾದಾಗ ಸರಕಾರ ಓಡುತ್ತದೆ ಅನ್ನುವುದಕ್ಕೂ ಇದೇ ಅಂಗಡಿಗಳಲ್ಲೇ ಸಾಕ್ಷಿಯಿದೆ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದ ರಾಬರ್ಟ್ ಬೋರ್ಕ್ ಅನ್ನುವ ನ್ಯಾಯಾಧೀಶರು ಯಾವ ಯಾವ ಕ್ಯಾಸೆಟ್ಟು ಬಾಡಿಗೆಗೆ ಒಯ್ದಿದ್ದರು ಅನ್ನುವ ಪಟ್ಟಿಯನ್ನು ಒಂದು ಪತ್ರಿಕೆ ಅಚ್ಚು ಹಾಕಿತು. 1988ರಲ್ಲಿ, ಮರುವರ್ಷವೇ, ಬಾಡಿಗೆ ಪಟ್ಟಿಯನ್ನು ಹೊರಗೆ ಬಿಡಬಾರದು ಅಂತ ಕಾನೂನೇ ಆಯಿತು. ಒಳ್ಳೆಯ ಕಾನೂನು, ಬೇಡ ಅನ್ನುವುದಿಲ್ಲ. ದೊಡ್ಡವರ ಮನೆಯ ವಿಷಯವಾದರೆ ದೇಶದ ಕಾನೂನಿಗೇ ಒಂದು ವರ್ಷ ಸಾಕು, ಒಂದು ಕೋಣೆಯ ವಿಳಾಸ ಬದಲಾಯಿಸುವುದಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು.

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಆ ಸಾಲು ಬಿಡುತ್ತಿಲ್ಲ. ಜರೂರಿನವನ್ನು ಮೇಲಕ್ಕೆ ತಂದುಕೊಂಡೆ ಅಂದಿದ್ದೀಯ. ಜರೂರು ಅಂತ ಯಾರು ಹೇಳಿದರು? ಸಾಹೇಬರ ಕೊಠಡಿಯಿಂದ ಫೋನು ಬಂದದ್ದು ಜರೂರು, ಪರಿಚಯದವರ ಚೀಟಿ ಹಿಡಿದು ಬಂದದ್ದು ಜರೂರು. ಸುಮ್ಮನೆ ಬಂದು ನಿಂತು ಹೋಗುವವರದು ಜರೂರಲ್ಲ ಅಂತ ನಾವೇ ಅಂದುಕೊಳ್ಳುತ್ತೇವೆ. ನಿನ್ನನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನ ಮೇಜಿನ ಮೇಲೆ ಎಷ್ಟು ಬಿದ್ದಿದೆಯೋ, ಎಷ್ಟು ಜನರ ಪ್ರಭಾರ ಹೊತ್ತಿದ್ದೀಯೋ, ಇಲ್ಲಿ ಕೂತು ನಾನು ಹೇಳುವುದು ಸುಲಭ. ಆದರೂ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಕೊರತೆ ಏನೇನಿದೆಯೋ ಎಲ್ಲವನ್ನೂ ಒಂದೇ ಹಿಂಬರಹದಲ್ಲಿ ಬರೆದುಬಿಡು. ಅರ್ಧ ಗಂಟೆ ಹೆಚ್ಚು ಹಿಡಿಯಬಹುದು, ಅಷ್ಟೇ. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ ಅಂತಾರೆ. ಹಾಗಿದ್ದರೆ ನನ್ನ ಮಾತು ಹಳತಾಗಿರಬಹುದು. ಕಂಪ್ಯೂಟರಿನಲ್ಲೂ ಅಡಿಗೆ ಹಾಕುವುದಕ್ಕೆ ಆಗುತ್ತದೆ ಅಂತ ನಿನ್ನ ಕಾಗದ ನೋಡಿದ ಮೇಲೆ ಗೊತ್ತಾಯಿತು.

ಆಗುವುದಿಲ್ಲ ಅಂತಿದ್ದರೆ ಆಗುವುದಿಲ್ಲ ಅಂತಲೇ ಬರೆದುಕೊಡು. ಅದಕ್ಕೂ ಧೈರ್ಯ ಬೇಕು, ನನಗಿರಲಿಲ್ಲ. ಇಲ್ಲ ಅಂತ ಗೊತ್ತಾದರೆ ಮನುಷ್ಯ ಬೇರೆ ದಾರಿ ನೋಡಿಕೊಳ್ಳುತ್ತಾನೆ. ಆ ಎಂಟು ತಿಂಗಳಲ್ಲಿ ಅವರಿಗೆ ಇಲ್ಲ ಅಂತಲೂ ಯಾರೂ ಹೇಳಲಿಲ್ಲ.

ಬಾಳುವುದಿಲ್ಲ ಅಂತ ನೀನು ಅಷ್ಟು ಗಟ್ಟಿಯಾಗಿ ಬರೆದಿದ್ದೀಯಲ್ಲ, ಅದೂ ನನಗೆ ಹಿಡಿಸಲಿಲ್ಲ. ಆ ಬ್ಲಾಕ್‌ಬಸ್ಟರಿನ ಅಷ್ಟೂ ಮಳಿಗೆಗಳಲ್ಲಿ ಒಂದು ಉಳಿದುಕೊಂಡಿದೆ, ಅಮೆರಿಕದ ಆರೆಗಾನ್ ರಾಜ್ಯದ ಬೆಂಡ್ ಅನ್ನುವ ಊರಿನಲ್ಲಿ. 2019ರಿಂದ ಅದೊಂದೇ. ಜನ ಅದನ್ನು ನೋಡುವುದಕ್ಕೆಂದೇ ಹೋಗುತ್ತಾರಂತೆ. ನಿನ್ನ ಅರ್ಜಿದಾರರ ಅಂಗಡಿಯೂ ಹಾಗೆ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ, ಉಳಿಯಲಿಕ್ಕಿಲ್ಲ. ಆ ಲೆಕ್ಕ ಹಾಕುವ ಕೆಲಸ ನಿನ್ನದೂ ಅಲ್ಲ, ನನ್ನದೂ ಆಗಿರಲಿಲ್ಲ. ನನ್ನ ಮೇಜಿಗೆ ಬಂದದ್ದು ಒಂದು ವಿಳಾಸ ಬದಲಾವಣೆಯ ಅರ್ಜಿ ಮಾತ್ರ.

ನಿವೃತ್ತಿಯ ಹಿಂದಿನ ವಾರ ದಾಖಲೆ ಕೊಠಡಿಗೆ ಹೋಗಿ ಆ ಕಡತ ಹುಡುಕಿದೆ. ಅವಧಿ ಮುಗಿದ ಕಡತಗಳನ್ನೆಲ್ಲ ನಾಶಪಡಿಸಿಯಾಗಿತ್ತು. ಅವರ ಹೆಸರಾದರೂ ಸಿಗಬಹುದು ಅಂತ ಹೋಗಿದ್ದೆ. ಸಿಕ್ಕಿದ್ದರೆ ಹೋಗಿ ಏನು ಹೇಳುತ್ತಿದ್ದೆನೋ, ಇವತ್ತಿಗೂ ಯೋಚಿಸುತ್ತೇನೆ. ಈ ಮಾತು ನಿಮ್ಮಮ್ಮನಿಗೂ ಗೊತ್ತಿಲ್ಲ, ಹೇಳಬೇಡ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಚೇರಿಯಲ್ಲೇ ರಾತ್ರಿ ಮಾಡಬೇಡ. ಈ ಕಾಗದ ಸಿಕ್ಕಿದ ದಿನ ಆ ಕಡತ ಒಮ್ಮೆ ಮೇಲಕ್ಕೆ ತೆಗೆ, ಸಾಧ್ಯವಾದರೆ. ಮತ್ತೆ ನನಗೆ ಬರೆಯುವಾಗ, ಆ ವಯಸ್ಸಾದವರು ಬಂದರೆ ನಿಮ್ಮ ಕಚೇರಿಯಲ್ಲಿ ಎಲ್ಲಿ ನಿಲ್ಲುತ್ತಾರೆ, ಪಕ್ಕದಲ್ಲಿ ಒಂದು ಕುರ್ಚಿ ಹಾಕುವಷ್ಟು ಜಾಗ ಇದೆಯೋ ಇಲ್ಲವೋ, ಅದನ್ನು ಬರೆ.

ಇತಿ,
ನಿನ್ನ ದೊಡ್ಡಮ್ಮ