ರಾಕಿ ಬರುತ್ತಾನಾ? ಭಾನುವಾರ ಸೇರೋಣ

ಎಲ್ಲರಿಗೂ ನಮಸ್ಕಾರ. ಕೆಜಿಎಫ್ ಮೂರನೇ ಭಾಗದಲ್ಲಿ ರಾಕಿ ವಾಪಸ್ ಬರುತ್ತಾನಾ ಅನ್ನೋ ಜಗಳ ಇಲ್ಲಿ ಜಾಸ್ತಿ ಆಯ್ತು. 2022ರ ಏಪ್ರಿಲ್ 14ಕ್ಕೆ ಬಂದ ಎರಡನೇ ಭಾಗದಲ್ಲಿ ಚಿನ್ನದ ಜೊತೆ ಸಮುದ್ರಕ್ಕೆ ಇಳಿದ, ನಿಜ. ಆದರೆ ಕೊನೆಯಲ್ಲಿ ಮೂರನೇ ಭಾಗದ ಸುಳಿವೂ ಕೊಟ್ಟರು ಅಲ್ವಾ! ನನಗಂತೂ ಬರುತ್ತಾನೆ ಅನ್ನಿಸುತ್ತದೆ.

ಭಾನುವಾರ ಸಂಜೆ 4ಕ್ಕೆ ಮಡಿಕೇರಿಯ ನಮ್ಮ ಮನೆಯಲ್ಲಿ ಕ್ಲೈಮ್ಯಾಕ್ಸ್ ಮತ್ತೊಮ್ಮೆ ನೋಡೋಣ. ಮಳೆಗೆ ಕರೆಂಟ್ ನಂಬುವ ಹಾಗಿಲ್ಲ, ಯಾರಾದರೂ ಲ್ಯಾಪ್‌ಟಾಪ್ ಚಾರ್ಜ್ ಮಾಡಿ ತನ್ನಿ. ವಿರಾಜಪೇಟೆ ಕಡೆಯವರು ಕೊನೇ ಬಸ್ಸಿನ ಸಮಯ ನೋಡಿಕೊಂಡು ಬನ್ನಿ.

ರಿಲೀಸ್ ದಿನಾಂಕದ ನಕಲಿ ಪೋಸ್ಟರ್ ಸುಮ್ನೆ ಹಾಕಬೇಡಿ. ನಿನ್ನೆಯದರಲ್ಲಿ ರಾಕಿಗೆ ಆರು ಬೆರಳಿತ್ತು!

ಬರುವವರು ಶುಕ್ರವಾರ ರಾತ್ರಿಯೊಳಗೆ ತಿಳಿಸಿ. ಅಮ್ಮನಿಗೆ ಕಡಂಬುಟ್ಟಿನ (ಅಕ್ಕಿ ಕಡುಬು) ಲೆಕ್ಕ ಬೇಕಂತೆ.