ಎರಡನೇ ಸೆಮಿಸ್ಟರಿನ ಇಟಾಲಿಯನ್ ದಾಟಿಸಿದವರಿಗೆ

ಮೊನ್ನೆ ಶುಕ್ರವಾರ ರಿಸಲ್ಟ್ ಬಂತು. ಎರಡನೇ ಸೆಮಿಸ್ಟರಿನ ಇಟಾಲಿಯನ್‌ನಲ್ಲಿ ನನಗೆ 100ಕ್ಕೆ 78. ಮೊದಲ ಸೆಮಿಸ್ಟರಿನಲ್ಲಿ ಬಂದದ್ದು 41. ಬಸ್ಸಿನಲ್ಲಿ ಮೂಲ್ಕಿ ದಾಟುವಾಗ ಮೊಬೈಲಿನಲ್ಲಿ ನೋಡಿದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಅಮ್ಮನೊಬ್ಬರು ಗಾಬರಿಯಾಗಿ "ಎಂತಾಯ್ತು ಮಗಾ, ಯಾಕೆ ಅಳುದು?" ಎಂದು ಕೇಳಿದರು. ಅವರಿಗೆ ಹೇಳಲು ಶುರು ಮಾಡಿದ ಕತೆ ಕಟಪಾಡಿ ಬಂದರೂ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಅಂಕದ ಹಿಂದೆ ಬಹಳ ಜನ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಇಟಾಲಿಯನ್‌ನ ಒಂದಕ್ಷರವೂ ಬಾರದು. ಅವರಿಗೆಲ್ಲ ಹೆಸರಿಲ್ಲದೆಯೇ ಧನ್ಯವಾದ ಹೇಳುತ್ತೇನೆ, ಓದಿದಾಗ ಅವರವರಿಗೆ ಗೊತ್ತಾಗುತ್ತದೆ.

ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯಿಂದ ಮಂಗಳೂರಿಗೆ ಪ್ರವಾಸ ಹೋದಾಗ ಲೈಟ್‌ಹೌಸ್ ಹಿಲ್‌ನ ಅಲೋಶಿಯಸ್ ಚಾಪೆಲ್ ತೋರಿಸಿದ್ದರು. ಗೋಡೆ, ಕಮಾನು, ಛಾವಣಿ, ಎಲ್ಲಿ ನೋಡಿದರೂ ಚಿತ್ರ. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುತ್ತ ನಿಂತಿದ್ದೆ. ಬಿಡಿಸಿದವರು ಇಟಲಿಯಿಂದ ಬಂದವರು ಎಂದು ಟೀಚರ್ ಹೇಳಿದ್ದು ತಲೆಯಲ್ಲಿ ಉಳಿದಿತ್ತು. ಡಿಗ್ರಿಗೆ ಸೇರಿದಾಗ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಇಟಾಲಿಯನ್ ಕಂಡದ್ದೇ ಟಿಕ್ ಹಾಕಿದೆ. ಅರ್ಜಿ ತೆಗೆದುಕೊಂಡವರು "ಕನ್ನಡ ಮೀಡಿಯಂನವರಿಗೆ ಕಷ್ಟ ಆಗ್ತದೆ, ಬೇರೆ ಏನಾದ್ರೂ ನೋಡು" ಎಂದರು. ಮೊದಲ ಸೆಮಿಸ್ಟರ್ ಮುಗಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತ್ತು. ಪುಸ್ತಕ ಇಟಾಲಿಯನ್ನನ್ನು ಇಂಗ್ಲಿಷಿನಲ್ಲಿ ವಿವರಿಸುತ್ತದೆ. ನಾನು ಇಂಗ್ಲಿಷನ್ನು ಮೊದಲು ಕನ್ನಡ ಮಾಡಿಕೊಂಡು, ಅಲ್ಲಿಂದ ಇಟಾಲಿಯನ್ನಿಗೆ ಹೋಗುವಷ್ಟರಲ್ಲಿ ಕ್ಲಾಸು ಮುಂದಿನ ಪಾಠಕ್ಕೆ ಹೋಗಿರುತ್ತಿತ್ತು.

ಎರಡನೇ ಸೆಮಿಸ್ಟರಿಗೆ ಸಿಸ್ಟರ್ ಬಂದರು. ರೋಮ್‌ನಲ್ಲಿ ವರ್ಷಗಟ್ಟಲೆ ಇದ್ದು ಬಂದ ಕನ್ಯಾಸ್ತ್ರೀ, ಮನೆಮಾತು ಕೊಂಕಣಿ. ಮೊದಲ ವಾರವೇ ನನ್ನ ಪುಸ್ತಕ ನೋಡಿದರು. ನನಗೆ ಕಾಫಿ ಇಷ್ಟ ಎನ್ನುವುದಕ್ಕೆ ನಾನು ಇಂಗ್ಲಿಷಿನ ಜಾಡಿನಲ್ಲಿ "ಇಯೊ ಪಿಯಾಚ್ಚೊ ಇಲ್ ಕಾಫ್ಫೆ" ಎಂದು ಬರೆದಿದ್ದೆ. ಸಿಸ್ಟರ್ ಕೆಂಪು ಗೆರೆ ಎಳೆಯಲಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು ಕೇಳಿದರು:

"ನಿನಗೆ ಕಾಫಿ ಇಷ್ಟವಾ?"

"ಇಷ್ಟ ಸಿಸ್ಟರ್."

"ಪೂರ್ತಿ ಹೇಳು ಮಗಾ."

"ನನಗೆ ಕಾಫಿ ಇಷ್ಟ."

"ಅದರಲ್ಲಿ 'ನಾನು' ಎಲ್ಲುಂಟು?"

ಇರಲಿಲ್ಲ. ನಾನು ಅಲ್ಲ, ನನಗೆ. ಇಟಾಲಿಯನ್‌ನಲ್ಲೂ "ಮಿ ಪಿಯಾಚೆ ಇಲ್ ಕಾಫ್ಫೆ." ಮಿ ಎಂದರೆ ನನಗೆ. ಇಷ್ಟವಾಗುವ ಕೆಲಸ ಕಾಫಿಯದ್ದು, ನನ್ನದಲ್ಲ. ಪುಸ್ತಕ ಒಂದಾದರೆ "ಪಿಯಾಚೆ", ಹಲವಾದರೆ "ಪಿಯಾಚ್ಚೊನೊ", ನಾವು ಪುಸ್ತಕ ಇಷ್ಟವಾಯಿತು, ಪುಸ್ತಕಗಳು ಇಷ್ಟವಾದವು ಎಂದ ಹಾಗೆಯೇ. ಮೂರು ತಿಂಗಳು ಇಂಗ್ಲಿಷಿನಲ್ಲಿ ತಲೆಗೆ ಹತ್ತದ ಪಾಠ ಆ ಒಂದು ಪ್ರಶ್ನೆಯಿಂದ ಹತ್ತಿತು. ಸಿಸ್ಟರ್ ಎದ್ದು ಹೋಗುವಾಗ "ನಿನ್ನ ಕೈಯಲ್ಲಿ ಕನ್ನಡ ಉಂಟಲ್ಲ, ಅದನ್ನು ಬಾಗಿಲ ಹೊರಗೆ ಇಟ್ಟು ಯಾಕೆ ಬರ್ತಿ?" ಎಂದರು. ಸಿಸ್ಟರ್, ನಿಮಗೆ ಮೊದಲ ನಮಸ್ಕಾರ ಆ ಮಾತಿಗಾಗಿ.

ಅವತ್ತಿನಿಂದ ಒಂದು ಇನ್ನೂರು ಪುಟದ ನೋಟುಪುಸ್ತಕ ಮಾಡಿದೆ. ಎಡಕ್ಕೆ ಕನ್ನಡ, ಬಲಕ್ಕೆ ಇಟಾಲಿಯನ್. ನಡುವೆ ಇಂಗ್ಲಿಷ್ ಇಲ್ಲ. ಬರೆಯುತ್ತ ಹೋದ ಹಾಗೆ ಎಷ್ಟೊಂದು ಸಿಕ್ಕಿತು! "ಪಾರ್ಲೊ" ಎಂದರೆ ಮಾತಾಡುತ್ತೇನೆ, "ಪಾರ್ಲಿ" ಎಂದರೆ ಮಾತಾಡುತ್ತೀಯ. ನಾನು, ನೀನು ಎಂದು ಬೇರೆ ಹೇಳಬೇಕಾಗಿಲ್ಲ, ಕ್ರಿಯಾಪದದ ಬಾಲದಲ್ಲೇ ಆಳು ಯಾರೆಂದು ಇದೆ. ದೊಡ್ಡವರಿಗೆ ನೀವು ಎಂದ ಹಾಗೆ ಅಲ್ಲಿ "ಲೇಯಿ", ಸಲುಗೆಯವರಿಗೆ "ತು". ಲೇಯಿ ಎಂಬುದಕ್ಕೆ ಅವಳು ಎಂಬ ಅರ್ಥವೂ ಇರುವುದರಿಂದ, ಗಂಡಸರಾಗಲಿ ಹೆಂಗಸರಾಗಲಿ, ಗೌರವ ಕೊಡುವಾಗ ಅವಳು ಎಂಬುದರ ಕ್ರಿಯಾಪದವನ್ನೇ ಬಳಸುತ್ತಾರೆ. ಇದು ನನಗೆ ತುಂಬ ಚೆಂದ ಕಂಡಿತು.

ಒತ್ತಕ್ಷರದ ವಿಷಯ ಹೇಳಲೇಬೇಕು. "ನೋನೊ" ಎಂದರೆ ಒಂಬತ್ತನೆಯದು, "ನೊನ್ನೊ" ಎಂದರೆ ಅಜ್ಜ. "ಪಾಲಾ" ಸಲಿಕೆ, "ಪಲ್ಲಾ" ಚೆಂಡು. ಇಂಗ್ಲಿಷ್ ಮೀಡಿಯಂನ ಗೆಳತಿಯರು ಇಲ್ಲಿ ತಡವರಿಸುವಾಗ ಸಿಸ್ಟರ್ ನನ್ನನ್ನು ಎಬ್ಬಿಸಿ ಹಳಿ, ಹಳ್ಳಿ, ಬಳಿ, ಬಳ್ಳಿ ಹೇಳಿಸಿದರು. ತಕಾರವೂ ಹಾಗೆಯೇ. "ಎಲ್ಲ" ಎನ್ನುವುದಕ್ಕೆ ಅಲ್ಲಿ "ತುತ್ತೊ". ಕೆಲವರು ಟುಟ್ಟೊ ಎನ್ನುತ್ತಿದ್ದರು. ಅದು ಅನ್ನದ ತುತ್ತಿನ ತ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಅಂದು ಮುಂದೆ ನಿಂತು ಇಡೀ ಕ್ಲಾಸಿಗೆ ತುತ್ತು ಎಂದು ಹೇಳಿಕೊಟ್ಟೆ.

ಎಲ್ಲ ಕಡೆ ಕನ್ನಡ ಕೈ ಹಿಡಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮಗೆ ಮೇಜು, ಕುರ್ಚಿ ಎರಡೂ "ಅದು". ಅಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು. ಒ ಎಂದು ಮುಗಿಯುವ ಪದಗಳು ಸಾಮಾನ್ಯವಾಗಿ ಗಂಡು ಎಂದು ಕಲಿತು ಮುಗಿಸಿದರೆ, ಕೈ ಎಂಬ ಅರ್ಥದ "ಮಾನೊ" ಹೆಣ್ಣು. ಇದಕ್ಕೆ ಬಾಯಿಪಾಠವೇ ಗತಿ. ನಮ್ಮಲ್ಲಿ "ಹೊಂದಿರು" ಎಂಬುದನ್ನು ಯಾರೂ ದಿನಬಳಕೆಯಲ್ಲಿ ಹೇಳುವುದಿಲ್ಲ. ನನಗೆ ಹಸಿವು ಎನ್ನುತ್ತೇವೆ. ಅವರಿಗೆ ಹಸಿವೂ ತಮ್ಮ ಹತ್ತಿರ ಇರುವ ಒಂದು ವಸ್ತುವಿನ ಹಾಗೆ, "ಓ ಫಾಮೆ" ಎನ್ನುತ್ತಾರೆ. ಇಂಥಲ್ಲಿ ನನ್ನ ಬೆಂಚಿನ ಗೆಳತಿ, ಮನೆಯಲ್ಲಿ ಕೊಂಕಣಿ ಮಾತಾಡುವವಳು, ನನ್ನ ಜೊತೆ ಕೂತಳು. ಮೇಜು ಕುರ್ಚಿಗಳಿಗೆ ಗಂಡು ಹೆಣ್ಣು ಹೇಳುವುದು ಅವಳ ಭಾಷೆಯಲ್ಲಿ ಹೊಸತಲ್ಲ.

ನಮ್ಮ ನೆರೆಮನೆಯ ಬಾಯಮ್ಮ ಇನ್ನೊಂದು ದಾರಿ ತೋರಿಸಿದರು. ನಾನು ಜಗಲಿಯಲ್ಲಿ ಪದಗಳನ್ನು ಗಟ್ಟಿಯಾಗಿ ಓದುವಾಗ ಬೇಲಿಯಾಚೆಯಿಂದ "ಕಿಯಾವೆ ಅಂದ್ರೆ ಎಂತ, ಚಾವಿಯಾ?" ಎಂದು ಕೇಳಿದರು. ಹೌದು, ಬೀಗದ ಕೈ. ನಮ್ಮ ಕರಾವಳಿಯ ಚಾವಿ ಪೋರ್ಚುಗೀಸಿನಿಂದ ಬಂದದ್ದು, ಪೋರ್ಚುಗೀಸಿಗೂ ಇಟಾಲಿಯನ್ನಿಗೂ ಲ್ಯಾಟಿನ್ ತಾಯಿ. ಆಮೇಲೆ ಇಬ್ಬರೂ ಹುಡುಕುತ್ತ ಕೂತೆವು. ಬಟಾಟೆಗೆ "ಪಾತಾತಾ". ಅವರು ಭಾನುವಾರ ಹೋಗುವ ಇಗರ್ಜಿಗೆ "ಕಿಯೇಜಾ", ಕೇಳಲು ದೂರ ಅನ್ನಿಸಿದರೂ ಮೂಲ ಒಂದೇ. ಬಾಯಮ್ಮ, ನಿಮ್ಮ ಬೇಲಿಯ ಹತ್ತಿರ ಕಳೆದ ಸಂಜೆಗಳಿಗೆ ಧನ್ಯವಾದ.

ಮಾರ್ಚ್‌ನಲ್ಲಿ ಅಮ್ಮನಿಗೆ ಹೊಟ್ಟೆಯ ಆಪರೇಶನ್ ಆಯಿತು. ಅಪ್ಪ ಮಲ್ಪೆಯಿಂದ ಬೋಟಿಗೆ ಹೋಗುವವರು, ಹೋದರೆ ಎಷ್ಟೋ ದಿನ ಸಮುದ್ರದಲ್ಲೇ. ಅಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ನನ್ನ ಬಸ್ ಪಾಸು, ಫೀಸು ಹೆಚ್ಚಿನದು ಆ ಬೀಡಿಯಿಂದಲೇ. ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ನಿಲ್ಲಲು ನಾನೇ ಆಗಬೇಕಿತ್ತು. ಮೂರು ವಾರ ಕಾಲೇಜಿಗೆ ಹೋಗಲಿಲ್ಲ. ಭೂತಕಾಲ ಶುರುವಾದದ್ದು ಆ ಮೂರು ವಾರದಲ್ಲೇ, ಈ ಸೆಮಿಸ್ಟರಿನ ಪಾಠದಲ್ಲಿ ಅರ್ಧ ಅದೇ. ಸೆಮಿಸ್ಟರ್ ಹೋಯಿತು ಎಂದೇ ಅಂದುಕೊಂಡಿದ್ದೆ.

ಬೆಂಚಿನ ಗೆಳತಿ ಪ್ರತಿ ಕ್ಲಾಸಿನ ರಾತ್ರಿ ವಾಯ್ಸ್ ಮೆಸೇಜ್ ಕಳಿಸಿದಳು. ಆಸ್ಪತ್ರೆಯ ವರಾಂಡದಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಒಂದು ರಾತ್ರಿ ಅಮ್ಮ ನರಳಿ "ಹೊಟ್ಟೆ ನೋಯ್ತದೆ ಮಗಾ" ಎಂದರು. ನರ್ಸ್ ಬಂದು ಇಂಜೆಕ್ಷನ್ ಕೊಟ್ಟು ಹೋದ ಮೇಲೆ, ಅಮ್ಮನ ಕೈ ಹಿಡಿದು ಕೂತಿದ್ದ ನನಗೆ ಅದೇ ವಾರ ಬಂದ ವಾಕ್ಯ ನೆನಪಾಯಿತು. "ಮಿ ಫಾ ಮಾಲೆ ಲಾ ಪಾಂಚಾ." ನನಗೆ ಹೊಟ್ಟೆ ನೋಯುತ್ತದೆ. ಅಲ್ಲೂ ನನಗೆ ಎಂದೇ. ಅಮ್ಮ ಕಣ್ಣು ಮುಚ್ಚಿಕೊಂಡೇ "ಎಂತ ಹೇಳಿದ್ದು?" ಎಂದರು. ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಬೆಳಗ್ಗೆ ಡಾಕ್ಟರು ರೌಂಡ್ಸಿಗೆ ಬಂದಾಗ ಅಮ್ಮ ಆ ವಾಕ್ಯವನ್ನು ನನಗೆ ಮಾತ್ರ ಕೇಳುವ ಹಾಗೆ ಮೆಲ್ಲಗೆ ಹೇಳಿದರು. ನಾನು ಕಲಿಯುವುದು ನಿಲ್ಲಬಾರದು ಎಂದು ಅಮ್ಮ ಹೇಳಿದ್ದು ಹಾಗೆ.

ಮನೆಗೆ ಬಂದ ಮೇಲೆ ಕ್ರಿಯಾಪದಗಳ ಮಗ್ಗಿ ಶುರುವಾಯಿತು. ಅದಕ್ಕೂ ಒಂದು ಕಾರಣ ಇದೆ. 1623ರಲ್ಲಿ ನಮ್ಮ ಕರಾವಳಿಗೆ ಬಂದಿದ್ದ ರೋಮ್‌ನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ನೇಪಲ್ಸ್‌ನ ಗೆಳೆಯನಿಗೆ ಇಟಾಲಿಯನ್‌ನಲ್ಲಿ ಉದ್ದುದ್ದ ಪತ್ರಗಳನ್ನು ಬರೆದಿದ್ದಾರೆ. ಉಳ್ಳಾಲದ ರಾಣಿಯನ್ನು ಮುಖಾಮುಖಿ ಕಂಡದ್ದೂ ಅದರಲ್ಲಿದೆ. ರಾಣಿ ಬರಿಗಾಲಿನಲ್ಲಿ ನಿಂತು ನೀರಿನ ಕಾಲುವೆಯ ಕೆಲಸ ಮಾಡಿಸುತ್ತಿದ್ದರಂತೆ. ಸಿಸ್ಟರ್ ನಮಗೆ ಓದಿ ಹೇಳಿದ್ದು ಇನ್ನೊಂದು ಭಾಗ. ಇಕ್ಕೇರಿಗೆ ಹೋಗುವ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಸಣ್ಣ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆದು, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ನೋಡಿ ಆತ ಬೆರಗಾಗಿದ್ದ. ನಮ್ಮ ಅಜ್ಜ ನನಗೆ ಅಕ್ಷರ ಬರೆಸಿದ್ದೂ ಮರಳಿನಲ್ಲೇ. ನಾಲ್ಕು ನೂರು ವರ್ಷದ ಹಿಂದೆ ಒಬ್ಬ ಇಟಾಲಿಯನ್ ನಮ್ಮ ಮಕ್ಕಳು ಕಲಿಯುವುದನ್ನು ನಿಂತು ನೋಡಿದ್ದಾನೆ ಎಂದರೆ, ಅವನ ಭಾಷೆಯನ್ನು ನಾನು ಅದೇ ರೀತಿ ಯಾಕೆ ಕಲಿಯಬಾರದು?

ಹಾಗೆ ರಾಗ ಕಟ್ಟಿದೆ. ಪಾರ್ಲಾವೊ, ಪಾರ್ಲಾವಿ, ಪಾರ್ಲಾವಾ. ಮಾತಾಡುತ್ತಿದ್ದೆ, ಮಾತಾಡುತ್ತಿದ್ದೆ ನೀನು, ಮಾತಾಡುತ್ತಿದ್ದ. ಅಮ್ಮ ಚೇತರಿಸಿಕೊಂಡು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟಲು ಕೂತ ದಿನದಿಂದ ಎದುರಿಗೆ ಕೂತು ಹೇಳುತ್ತಿದ್ದೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುವಷ್ಟರಲ್ಲಿ ಒಂದು ಕ್ರಿಯಾಪದದ ಆರು ರೂಪ ಮುಗಿಯಬೇಕು. ತಪ್ಪಿದರೆ ಅಮ್ಮನಿಗೆ ಗೊತ್ತಾಗುತ್ತಿತ್ತು. ಅರ್ಥ ಗೊತ್ತಿಲ್ಲ, ತಾಳ ಗೊತ್ತು. "ಅಲ್ಲಿ ಎಡವಿದ್ದಿ, ಪುನಃ ಹೇಳು" ಎನ್ನುತ್ತಿದ್ದರು.

ಇನ್ನೊಂದು ಭೂತಕಾಲಕ್ಕೆ ಸಿಸ್ಟರ್ ನಮ್ಮನ್ನು ಚಾಪೆಲ್‌ಗೆ ಕರೆದುಕೊಂಡು ಹೋದರು. ಒಂಬತ್ತನೇ ಕ್ಲಾಸಿನಲ್ಲಿ ನಿಂತಿದ್ದ ಜಾಗದಲ್ಲೇ ನಿಂತೆ. ಮುಗಿದ ಕೆಲಸ ಹೇಳುವಾಗ ಇಟಾಲಿಯನ್‌ನಲ್ಲಿ ಎರಡು ಸಹಾಯಕ ಕ್ರಿಯಾಪದಗಳಲ್ಲಿ ಒಂದನ್ನು ಆರಿಸಬೇಕು. ಹುಟ್ಟುವುದು, ಸಾಯುವುದು, ಬರುವುದು, ಹೋಗುವುದಕ್ಕೆ "ಇರು" ಎಂಬ ಅರ್ಥದ್ದು. ಚಿತ್ರ ಬಿಡಿಸಿದೆ, ಊಟ ಮಾಡಿದೆ ಎಂಬಂಥದ್ದಕ್ಕೆ "ಹೊಂದಿರು" ಎಂಬ ಅರ್ಥದ್ದು. ಸಿಸ್ಟರ್ ಚಿತ್ರಗಾರ ಆಂತೋನಿಯೊ ಮೊಸ್ಕೇನಿಯ ಜೀವನವನ್ನು ಒಂದೊಂದೇ ವಾಕ್ಯ ಮಾಡಿ ನಮ್ಮಿಂದ ಹೇಳಿಸಿದರು. ಅವುಗಳಲ್ಲಿ "ಎ" ಬಂದಲ್ಲಿ ಇರು, "ಆ" ಬಂದಲ್ಲಿ ಹೊಂದಿರು. 1854ರಲ್ಲಿ ಬೆರ್ಗಮೊ ಹತ್ತಿರದ ಸ್ತೆತ್ಸಾನೊದಲ್ಲಿ ಹುಟ್ಟಿದರು: "ಎ ನಾತೊ." ಬೆರ್ಗಮೊದಲ್ಲಿ ಚಿತ್ರಕಲೆ ಕಲಿತರು: "ಆ ಸ್ತುದಿಯಾತೊ." ಮಂಗಳೂರಿಗೆ ಬಂದರು: "ಎ ವೆನೂತೊ." ಚಾಪೆಲ್‌ನ ಚಿತ್ರ ಬಿಡಿಸಿದರು: "ಆ ದಿಪಿಂತೊ." 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು: "ಎ ಮೊರ್ತೊ." ಊರಿಗೆ ತಿರುಗಿ ಹೋಗಲೇ ಇಲ್ಲ. ಆ ಕಡೆಯ ವಾಕ್ಯ ಹೇಳುವಾಗ ನನ್ನ ಗಂಟಲು ಕಟ್ಟಿತು. ತಲೆಯ ಮೇಲೆ ಅವರು ಬಿಡಿಸಿದ್ದೇ ಇತ್ತು.

ಬಂದದ್ದು ಗಂಡಾದರೆ "ವೆನೂತೊ", ಹೆಣ್ಣಾದರೆ "ವೆನೂತಾ". ಬಂದ, ಬಂದಳು. ಕನ್ನಡದವಳಿಗೆ ಇದು ಸಲೀಸು. ಆದರೆ ಊಟ ಮಾಡಿದಳು ಎನ್ನುವಾಗ ಅವರು ಹೆಣ್ಣು ರೂಪ ಹಾಕುವುದಿಲ್ಲ. ನಾನು ಹಾಕಿಬಿಡುತ್ತಿದ್ದೆ. ಪರೀಕ್ಷೆಯಲ್ಲೂ ಎರಡು ಕಡೆ ಹಾಕಿದ್ದೇನೆ.

ಮೌಖಿಕ ಪರೀಕ್ಷೆಯಲ್ಲಿ ಬಾಲ್ಯದ ಬಗ್ಗೆ ಐದು ನಿಮಿಷ ಮಾತಾಡಬೇಕಿತ್ತು. "ಕ್ವಾಂದೊ ಎರೊ ಪಿಕ್ಕೊಲಾ" ಎಂದು ಶುರು ಮಾಡಿದೆ, ಸಣ್ಣವಳಿದ್ದಾಗ. "ಮಿಯಾ ಮಾದ್ರೆ ಲಾವೊರಾವಾ, ಇಯೊ ಲೆಜ್ಜೆವೊ." ಅಮ್ಮ ಕೆಲಸ ಮಾಡುತ್ತಿದ್ದರು, ನಾನು ಓದುತ್ತಿದ್ದೆ. ಬೀಡಿಗೆ ಇಟಾಲಿಯನ್ ಪದ ನನ್ನ ಹತ್ತಿರ ಇರಲಿಲ್ಲ, ಬೀಡಿ ಎಂದೇ ಹೇಳಿ ಎಲೆ, ನೂಲು, ಕೈ ಎಂದು ವಿವರಿಸಿದೆ. ಕೈ ಎನ್ನುವಾಗ "ಲಾ ಮಾನೊ", ಹೆಣ್ಣೇ ಹಾಕಿದೆ. ಸಿಸ್ಟರ್ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

ಬಿಟ್ಟು ಹೋದ ಇಂಟರ್ನಲ್ ಪರೀಕ್ಷೆಯನ್ನು ಮತ್ತೆ ಬರೆಯಲು ಬಿಟ್ಟ ಕಾಲೇಜಿನ ಮೇಡಂ ಅವರಿಗೆ, ಬೋಟಿಲ್ಲದ ರಾತ್ರಿಗಳಲ್ಲಿ ಆಸ್ಪತ್ರೆಯಲ್ಲಿ ಕೂತು ನನ್ನನ್ನು ಮಲಗಲು ಕಳಿಸಿದ ಅಪ್ಪನಿಗೆ, ಬೆಳಗ್ಗಿನ ಎಕ್ಸ್‌ಪ್ರೆಸ್ಸಿನಲ್ಲಿ ನನ್ನ ಕೈಯಲ್ಲಿ ಪುಸ್ತಕ ಕಂಡರೆ ಸುರತ್ಕಲ್ ಬರುವುದರೊಳಗೆ ಹೇಗಾದರೂ ಒಂದು ಸೀಟು ಮಾಡಿಕೊಡುತ್ತಿದ್ದ ಕಂಡಕ್ಟರ್ ಅಣ್ಣನಿಗೆ, ನಿಮಗೆಲ್ಲ ತುಂಬ ತುಂಬ ಧನ್ಯವಾದ. ಗೆಳತೀ, ನಿನ್ನ ವಾಯ್ಸ್ ಮೆಸೇಜುಗಳನ್ನು ಒಂದನ್ನೂ ಡಿಲೀಟ್ ಮಾಡಿಲ್ಲ.

ನನ್ನ ಆ ಇನ್ನೂರು ಪುಟದ ನೋಟುಪುಸ್ತಕವನ್ನು ನಿನ್ನೆ ಸಿಸ್ಟರ್ ಕೈಗೆ ಕೊಟ್ಟು ಬಂದಿದ್ದೇನೆ. ಈ ವರ್ಷ ಕನ್ನಡ ಮೀಡಿಯಂನಿಂದ ಬಂದು ಇಟಾಲಿಯನ್‌ಗೆ ಟಿಕ್ ಹಾಕಿದವರು ಯಾರಾದರೂ ಇದ್ದರೆ ಕೇಳಿ ತೆಗೆದುಕೊಳ್ಳಿ. ಅಂಚಿನಲ್ಲಿ ಹೊಗೆಸೊಪ್ಪಿನ ವಾಸನೆ ಸ್ವಲ್ಪ ಉಂಟು. ಕೊನೆಯ ಇಪ್ಪತ್ತು ಪುಟ ಖಾಲಿ ಬಿಟ್ಟಿದ್ದೇನೆ, ನೀವು ಬರೆಯಿರಿ.