ಹಾಲು ಎಲ್ಲಿ ಹೋಯಿತು ಎಂದು ಅಂದೇ ಕೇಳಬೇಕಿತ್ತು

ಮಾನ್ಯ ಸಂಪಾದಕರೆ,

1945ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ ಕಾದಂಬರಿಯಲ್ಲಿ ಪ್ರಾಣಿಗಳು ಯಜಮಾನನನ್ನು ಓಡಿಸಿ ಫಾರ್ಮನ್ನು ತಾವೇ ನಡೆಸುತ್ತವೆ, ಆದರೆ ಅಧಿಕಾರ ಹಂದಿಗಳ ಕೈ ಸೇರುತ್ತದೆ. ಅದರ ಬಗ್ಗೆ ಮಾತು ಬಂದರೆ ಎಲ್ಲರೂ ಇದು ರಷ್ಯಾದ ಸ್ಟಾಲಿನ್ ಆಡಳಿತದ ಅಣಕ ಎನ್ನುತ್ತಾರೆ. ಅದು ಸರಿಯೇ. ಆದರೆ ಅಷ್ಟಕ್ಕೇ ಬಿಟ್ಟರೆ ಆ ಕಥೆಯಿಂದ ನಮಗೇನೂ ದಕ್ಕುವುದಿಲ್ಲ.

ಅಲ್ಲಿ ಭ್ರಷ್ಟಾಚಾರ ಶುರುವಾಗುವುದು ಹಂದಿಗಳ ನಾಯಕ ಎದುರಾಳಿಯ ಮೇಲೆ ನಾಯಿಗಳನ್ನು ಛೂ ಬಿಟ್ಟಾಗ ಅಲ್ಲ. ಅದಕ್ಕೂ ಮೊದಲೇ ಹಾಲು ಕಾಣೆಯಾಗುತ್ತದೆ. ಆಮೇಲೆ ಸೇಬು. ತಲೆ ಕೆಲಸ ಮಾಡುವವರಿಗೆ ಇದೆಲ್ಲ ಬೇಕು ಎಂದು ಹಂದಿಗಳು ಹೇಳುತ್ತವೆ, ಉಳಿದವು ಒಪ್ಪಿಬಿಡುತ್ತವೆ. ಮುಂದೆ ಎಲ್ಲರೂ ಪಾಲಿಸಬೇಕೆಂದು ಗೋಡೆಯ ಮೇಲೆ ಬರೆದಿಟ್ಟ ಕಟ್ಟಳೆಗಳೇ ಒಂದೊಂದಾಗಿ ಬದಲಾಗುತ್ತವೆ.

ನನಗೆ ಜಾಸ್ತಿ ಸಿಟ್ಟು ಬರುವುದು ಬೆಂಜಮಿನ್ ಎಂಬ ಕತ್ತೆಯ ಮೇಲೆ. ಅದಕ್ಕೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ದುಡಿದು ಸೋತ ಬಾಕ್ಸರ್ ಕುದುರೆಯನ್ನು ಕಟುಕನ ಗಾಡಿ ಒಯ್ಯುವಾಗ, ಗಾಡಿಯ ಮೇಲಿನ ಬರಹ ಓದಿ ಕೂಗುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ನಮ್ಮ ಶಿರಸಿ ಸೀಮೆಯಲ್ಲಿ ಓದು ಬಲ್ಲವರಿಗೆ ಬರವಿಲ್ಲ. ತಾಳಮದ್ದಳೆಯಲ್ಲಿ ಕೃಷ್ಣನದು ಸರಿಯೋ ಕೌರವನದು ಸರಿಯೋ ಎಂಬ ವಾದವನ್ನು ಗಂಟೆಗಟ್ಟಲೆ ಕೂತು ಕೇಳುತ್ತೇವೆ. ಆದರೆ ಗ್ರಾಮಸಭೆಗೆ ಹೋಗುವುದಿಲ್ಲ, ಖರ್ಚಿನ ಪಟ್ಟಿ ಕೇಳುವುದಿಲ್ಲ. 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಸುಮ್ನೆ ಯಾಕೆ ನಿಷ್ಠುರ ಎಂದು ಹಿಂದೆ ಸರಿಯುತ್ತೇವೆ, ಅಲ್ವಾ?

ಓದಿದವರು ದಯವಿಟ್ಟು ಮುಂದಿನ ಗ್ರಾಮಸಭೆಗೆ ಬನ್ನಿ. ರಸ್ತೆ, ನೀರಿನ ಕಾಮಗಾರಿಗಳ ಲೆಕ್ಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ.

– ಓರ್ವ ಓದುಗ, ಶಿರಸಿ